ಬೇವಿನ ಮರ ಅಲ್ರೀ, ಹುಣಸಿ ಮರ

ವಿಜಯಪುರದ ಕಾಲೇಜೊಂದರ ಕನ್ನಡ ವಿಭಾಗದವರು ಕರೆದಿದ್ದರು. ಲೇಖಕರು ಮತ್ತು ಓದುಗರ ನಡುವೆ ಡಿಜಿಟಲ್ ತಂತ್ರಜ್ಞಾನ ಏನು ಮಾಡಿದೆ ಅಂತ ಮಾತಾಡಿ ಅಂದರು. ಅಲ್ಲಿ ಆಡಿದ ಮಾತುಗಳಿವು. ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಬಾಗಲಕೋಟೆಯಿಂದ ಬಸ್ಸಿನಲ್ಲಿ ಬರುವಾಗ ಕೊಲ್ಹಾರದ ಸೇತುವೆ ದಾಟಿ ಬಂದೆ. ಎರಡೂ ಕಡೆ ನೀರು. ನಿಮ್ಮಲ್ಲಿ ಬಹಳ ಜನ ಆ ಸೇತುವೆ ದಾಟಿದವರೇ. ಅಲ್ಲಿ ಗಡಿಗೆ ಮೊಸರು ಮಾರುವವರನ್ನೂ ನೋಡಿರುತ್ತೀರಿ. ನನಗೆ ಮಾತ್ರ ಆ ನೀರು ಕಂಡರೆ ಮಾತು ನಿಂತುಹೋಗುತ್ತದೆ. ಅದೇ ನೀರಿನ ಅಡಿಯಲ್ಲಿ ಒಂದು ಕಡೆ ನಮ್ಮೂರು ಇದೆ. ಬೀಳಗಿ ತಾಲ್ಲೂಕಿನ ಸಣ್ಣ ಊರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿ ಮುಳುಗಿದವಲ್ಲ, ಅದರಲ್ಲಿ ನಮ್ಮದೂ ಒಂದು. ಇವತ್ತಿನ ವಿಷಯಕ್ಕೂ ಮುಳುಗಡೆ ಊರಿಗೂ ಏನು ಸಂಬಂಧ ಅಂತ ನಿಮಗೆ ಅನಿಸಬಹುದು. ನನ್ನ ಮಟ್ಟಿಗೆ ಎರಡೂ ಒಂದೇ ಕಥೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಊರು ಬಿಟ್ಟಾಗ ನಮ್ಮ ಜನ ಒಂದೇ ಕಡೆ ಹೋಗಲಿಲ್ಲ. ಕೆಲವರು ಪುನರ್ವಸತಿ ಕೇಂದ್ರಕ್ಕೆ ಹೋದರು, ಕೆಲವರು ಬಾಗಲಕೋಟೆಯ ನವನಗರಕ್ಕೆ ಬಂದರು, ಪರಿಹಾರದ ದುಡ್ಡಲ್ಲಿ ಬೇರೆ ತಾಲ್ಲೂಕಿನಲ್ಲಿ ಹೊಲ ಹಿಡಿದವರು ಅಲ್ಲೇ ಮನೆ ಕಟ್ಟಿಕೊಂಡರು, ಉಳಿದವರು ದುಡಿಯಲು ಗೋವಾ, ಪುಣೆ, ಇಚಲಕರಂಜಿ, ಮಂಗಳೂರು ಅಂತ ಚದುರಿಹೋದರು. ನಮ್ಮ ಓಣಿಯಲ್ಲಿ 22 ಮನೆ ಇದ್ದವು. ಆ 22 ಮನೆಯವರು ಈಗ 11 ಊರುಗಳಲ್ಲಿದ್ದಾರೆ. ನಾನು ಕಥೆ ಬರೆಯುವುದು ಇವರ ಬಗ್ಗೆ. ಆದರೆ ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದಾಗ ಅದು ಇವರಲ್ಲಿ ಒಬ್ಬರ ಕೈಗೂ ಸೇರಲಿಲ್ಲ.

500 ಪ್ರತಿ ಹಾಕಿದ್ದರು. ಪ್ರಕಾಶಕರು ಗೌರವಧನದ ಬದಲು 40 ಪ್ರತಿ ಕೊಟ್ಟರು. ಉಳಿದವು ಎಲ್ಲಿಗೆ ಹೋದವು, ಯಾರು ಕೊಂಡರು, ಯಾರಾದರೂ ಓದಿದರಾ, ಒಂದೂ ಗೊತ್ತಾಗಲಿಲ್ಲ. ಫೋನ್ ಮಾಡಿದರೆ "ನೋಡೋಣ ಸರ್" ಅನ್ನುತ್ತಿದ್ದರು. ನಾಲ್ಕು ವರ್ಷದಲ್ಲಿ ಎರಡು ಪತ್ರ ಬಂದವು. ಅದರಲ್ಲಿ ಒಂದು ಅಥಣಿಯ ನಿವೃತ್ತ ಮಾಸ್ತರರದು, ಪ್ರೀತಿಯಿಂದ ಬರೆದ ಒಂದೂವರೆ ಪುಟ. ಅದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಬಾವಿಗೆ ಕಲ್ಲು ಹಾಕಿ, ಕಿವಿಗೊಟ್ಟು ನಿಂತು, ಸದ್ದೇ ಕೇಳದಿದ್ದರೆ ಹೇಗಿರುತ್ತದೆ ಹೇಳಿ. ಹಾಗಿತ್ತು ಆ ನಾಲ್ಕು ವರ್ಷ.

2018ರಲ್ಲಿ ನಮ್ಮ ಸೋದರತ್ತೆಯ ಮಗಳು ಊರಿನ ಹೆಸರಲ್ಲಿ ಒಂದು ವಾಟ್ಸಾಪ್ ಗುಂಪು ಮಾಡಿದಳು. ಮದುವೆ, ಮುಂಜಿ, ಸತ್ತ ಸುದ್ದಿ, ಪರಿಹಾರದ ಕೇಸು ಎಲ್ಲಿಗೆ ಬಂತು, ಇಂಥವೇ ಬರುತ್ತಿದ್ದವು. ಒಂದು ದಿನ ಧೈರ್ಯ ಮಾಡಿ ನನ್ನ ಹೊಸ ಕಥೆ ಹಾಕಿದೆ. ಗಂಗವ್ವ ಅನ್ನುವ ಹೆಣ್ಣುಮಗಳು ಊರು ಬಿಟ್ಟು ಹೋಗುವ ದಿನದ ಕಥೆ. ಬಂಡಿಯಲ್ಲಿ ಸಾಮಾನು ಹೇರಿಕೊಂಡು, ಊರ ಬಾಗಿಲು ಅಂದರೆ ಅಗಸಿ ದಾಟಿ, ಅಗಸಿ ಮುಂದಿನ ಬೇವಿನ ಮರದ ಕೆಳಗೆ ಹಾದು, ಹಿಂದೆ ತಿರುಗಿ ನೋಡದೆ ಹೋಗುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ರಾತ್ರಿ ಹತ್ತರ ಹೊತ್ತಿಗೆ ಗೋವಾದಿಂದ ಒಂದು ಧ್ವನಿ ಸಂದೇಶ ಬಂತು. ಸೆಂಟ್ರಿಂಗ್ ಕೆಲಸ ಮಾಡುವ ನಮ್ಮ ಓಣಿಯವನೇ. "ಮಾಸ್ತರ, ಅಗಸಿ ಮುಂದ ಬೇವಿನ ಮರ ಅಲ್ರೀ, ಹುಣಸಿ ಮರ ಇತ್ತು. ಬೇವಿನ ಮರ ಇದ್ದದ್ದು ಹನಮಪ್ಪನ ಗುಡಿ ಹಿಂದ." ಹತ್ತು ನಿಮಿಷಕ್ಕೆ ಇಚಲಕರಂಜಿಯಿಂದ ಒಬ್ಬ ಅಕ್ಕ, "ಖರೇ ಐತಿ, ಹುಣಸಿ ಮರಾನ. ಪಂಚಮಿಗೆ ಅದರ ಟೊಂಗಿಗೆ ಜೋಕಾಲಿ ಕಟ್ತಿದ್ವಿ" ಅಂದರು. ಆಮೇಲೆ ಆ ಜೋಕಾಲಿಯಿಂದ ಯಾರು ಬಿದ್ದರು, ಯಾರ ಕೈ ಮುರಿಯಿತು, ಹಗ್ಗ ಯಾರ ಮನೆಯದು, ಮೂರು ದಿನ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ.

ಈಗ ನೋಡಿ, ನಾನು ಬರೆದ ಕಥೆ ಅಲ್ಲಿಗೆ ಕೆಟ್ಟುಹೋಯಿತು. ಗಂಗವ್ವ ಹುಡುಗಿಯಾಗಿದ್ದಾಗ ಜೋಕಾಲಿ ಆಡಿದ ಮರ ಅದು ಅಂದಮೇಲೆ ಅವಳು ತಿರುಗಿ ನೋಡದೆ ಹೋಗುವುದು ಹೇಗೆ? ಆಗುವುದಿಲ್ಲ. ಬಂಡಿ ನಿಲ್ಲಿಸಲೇಬೇಕು. ಇಳಿಯಲೇಬೇಕು. ಕಥೆಯ ಕೊನೆ ಪೂರ್ತಿ ಬದಲಾಯಿತು, ಕೊನೆ ಬದಲಾದ ಮೇಲೆ ಮೊದಲನ್ನೂ ತಿದ್ದಬೇಕಾಯಿತು. ನನ್ನ ನೆನಪಿನಲ್ಲಿ ಇಲ್ಲದ ಒಂದು ಮರ ಗೋವಾದಲ್ಲಿರುವ ಒಬ್ಬ ಕೂಲಿಕಾರನ ನೆನಪಿನಲ್ಲಿ ಹಾಗೇ ಉಳಿದಿತ್ತು. ಅದು ನನ್ನ ಹತ್ತಿರ ಬರಲು ಒಂದು ರಾತ್ರಿ ಸಾಕಾಯಿತು.

ಡಿಜಿಟಲ್ ತಂತ್ರಜ್ಞಾನದಿಂದ ಬರಹ ಜಾಸ್ತಿ ಜನರನ್ನು ಮುಟ್ಟುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ, ಅದರ ಬಗ್ಗೆ ನನಗೆ ತಕರಾರು ಇಲ್ಲ. ಆದರೆ ಇಷ್ಟು ವರ್ಷದಲ್ಲಿ ನನಗೆ ದೊಡ್ಡದು ಅನಿಸಿದ್ದು ಬೇರೆ. ಓದಿದವರ ಮಾತು ತಿರುಗಿ ಬರುತ್ತದೆ. ಅದು ಬರುವ ದಾರಿಯನ್ನು ತೆರೆದಿಡುವುದು ಬರೆಯುವವರ ಕೆಲಸ. ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ.

ಓದುಗರನ್ನು ಹುಡುಕಿಕೊಂಡು ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿ ಪುಸ್ತಕ ತಂದಿತು, ಅಂದರೆ ಓದುವವರು ಮೊದಲು, ಅಚ್ಚು ಆಮೇಲೆ. ಇನ್ನು ನಿಮ್ಮ ಊರಿನ ಫ.ಗು. ಹಳಕಟ್ಟಿಯವರ ವಿಷಯ ನಿಮ್ಮ ಮುಂದೆ ನಾನು ಹೇಳುವುದೇನಿದೆ. ಆದರೂ ಹೇಳುತ್ತೇನೆ, ಯಾಕಂದರೆ ನಾವು ಅವರನ್ನು ವಚನಗಳನ್ನು ಹುಡುಕಿ ತೆಗೆದವರು ಅಂತ ನೆನೆಯುತ್ತೇವೆ, ಆ ವಚನಗಳನ್ನು ಓದುಗರಿಗೆ ಮುಟ್ಟಿಸಲು ಅವರು ಪಟ್ಟ ಪಾಡನ್ನು ಅಷ್ಟಾಗಿ ನೆನೆಯುವುದಿಲ್ಲ. ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿದರು. 'ವಚನಶಾಸ್ತ್ರ ಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಹೀಗೆ ಬೇರೆ ಊರಿನ ಮುದ್ರಣಾಲಯ ನಂಬಿಕೊಂಡರೆ ಆಗುವುದಿಲ್ಲ ಅನಿಸಿರಬೇಕು, ವಾಸದ ಮನೆ ಮಾರಿ 1925ರಲ್ಲಿ ಇಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷವೇ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ವಕೀಲರು ಅವರು. ಮನೆ ಉಳಿಸಿಕೊಂಡು ಸುಮ್ನೆ ಇರಬಹುದಿತ್ತು ಅಲ್ವಾ? ಓಲೆಗರಿ ಒಂದು ಮನೆಯ ದೇವರ ಜಗಲಿಯ ಮೇಲೆ ಇದ್ದರೆ ಅದನ್ನು ಆ ಮನೆಯವರು ಪೂಜೆ ಮಾಡಬಹುದು, ಓದುವವರು ಸಿಗುವುದಿಲ್ಲ. ಅವರಿಗೆ ಓದುವವರು ಬೇಕಿತ್ತು. ಆ ಕಾಲದ ಹೊಸ ತಂತ್ರಜ್ಞಾನ ಮುದ್ರಣ ಯಂತ್ರ, ಅದಕ್ಕೆ ಮನೆಯನ್ನೇ ಕೊಟ್ಟರು.

ಅದೇ ವಚನಗಳು ಈಗ ಎಲ್ಲಿಗೆ ಬಂದಿವೆ ನೋಡಿ. ವಚನ ಸಂಚಯ ಅಂತ ಒಂದು ತಾಣ ಇದೆ, ಕನ್ನಡದ ತಂತ್ರಜ್ಞಾನ ಪ್ರೀತಿಸುವವರು ಸೇರಿ ಕಟ್ಟಿದ್ದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿ ಬಂದಿದೆ ಅಂತ ತೋರಿಸುತ್ತದೆ. ರಾಟೆ ಅಂತ ಹುಡುಕಿ, ಕಾಯಕ ಅಂತ ಹುಡುಕಿ. ಒಬ್ಬ ವಿದ್ಯಾರ್ಥಿ ಫೋನ್ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕೂತು ಇದನ್ನು ಮಾಡಬಹುದು. ಎಂಟು-ಒಂಬತ್ತು ಶತಮಾನದ ಹಿಂದೆ ಬರೆದವರಿಗೂ ಹೊಸ ಓದುಗರು ಸಿಗುತ್ತಿದ್ದಾರೆ.

ಇದು ಆಗಬೇಕಾದರೆ ಹಿಂದೆ ಒಂದು ಕೆಲಸ ನಡೆದಿರಬೇಕು. ಅದರ ಹೆಸರು ಯೂನಿಕೋಡ್. ಹೆಸರು ಕೇಳಿ ಬೇಸರಪಡಬೇಡಿ, ಬರೆಯುವವರಿಗೆ ಇದಕ್ಕಿಂತ ಮುಖ್ಯವಾದ ತಾಂತ್ರಿಕ ವಿಷಯ ಇನ್ನೊಂದಿಲ್ಲ. ನಾನು ಇದನ್ನು ಕಲಿತದ್ದು ಪುಸ್ತಕದಿಂದ ಅಲ್ಲ, ಒಬ್ಬ ಓದುಗರಿಂದ.

ಅವರು ಇದೇ ಊರಿನವರು. ಬ್ಯಾಂಕಿನಲ್ಲಿ ಕೆಲಸ. ಕಣ್ಣು ಕಾಣುವುದಿಲ್ಲ. ಫೋನಿನಲ್ಲಿರುವ ಓದುವ ತಂತ್ರಾಂಶ ಹಚ್ಚಿಕೊಂಡು ಕೇಳುತ್ತಾರೆ, ತೆರೆಯ ಮೇಲೆ ಇರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಯಾರೋ ನನ್ನ ಕಥೆಯ ಪಿಡಿಎಫ್ ಅವರಿಗೆ ಕಳಿಸಿದ್ದರು. ಅವರು ಫೋನ್ ಮಾಡಿ, "ಸರ್, ನಿಮ್ಮ ಕಥಿ ತೆಗೆದ್ರ ಬರೇ ಇಂಗ್ಲಿಷ್ ಅಕ್ಷರ ಓದಾಕತ್ತೈತಿ, ಒಂದೂ ಅರ್ಥ ಆಗವಲ್ದು" ಅಂದರು. ನಾನು ತೆಗೆದು ನೋಡಿದರೆ ಚೊಕ್ಕ ಕನ್ನಡ. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಡಿಟಿಪಿ ಮಾಡುವ ಹುಡುಗ ಬಿಡಿಸಿ ಹೇಳಿದ.

ಹಳೇ ಪದ್ಧತಿಯ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರಿನ ಒಳಗೆ ಕನ್ನಡ ಇರುವುದಿಲ್ಲ. ಒಳಗೆ ಇರುವುದು ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳೇ. ಅವುಗಳಿಗೆ ಕನ್ನಡದ ಆಕಾರ ತೊಡಿಸಿರುತ್ತಾರೆ, ಅಷ್ಟೇ. ಕಣ್ಣಿದ್ದವರಿಗೆ ಆಕಾರ ಕಾಣುತ್ತದೆ, ಆದ್ದರಿಂದ ಓದುತ್ತೇವೆ. ಯಂತ್ರ ನೋಡುವುದು ಒಳಗಿನದನ್ನು. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡ ಇದೆ. 'ಕ' ಅಂದರೆ ಯಾವ ದೇಶದ ಯಾವ ಯಂತ್ರಕ್ಕೂ 'ಕ'ನೇ. ಹಾಗಾಗಿಯೇ ಹುಡುಕಿದರೆ ಸಿಗುತ್ತದೆ, ಫೋನ್ ಓದಿ ಹೇಳುತ್ತದೆ, ಬೇರೆ ಭಾಷೆಗೆ ತಿರುಗಿಸಲು ಬರುತ್ತದೆ, ಒಂದು ಕಡೆಯಿಂದ ಇನ್ನೊಂದು ಕಡೆ ಕಳಿಸಿದರೆ ಇಂಗ್ಲಿಷ್ ಚಿಹ್ನೆಗಳ ಗೋಜಲು ಆಗುವುದಿಲ್ಲ. ಹಳೇ ಫಾಂಟಿನ ತಂತ್ರಾಂಶಗಳನ್ನು ನಾನು ಹಗುರಾಗಿ ನೋಡುವುದಿಲ್ಲ. 'ಬರಹ', 'ನುಡಿ' ಅನ್ನುವ ಆ ತಂತ್ರಾಂಶಗಳು ಇರದಿದ್ದರೆ ನಮ್ಮ ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಕಾಲ ಮುಂದೆ ಹೋಯಿತು, ನಾವೂ ಹೋಗಬೇಕು. ಈಗ ಅವುಗಳಲ್ಲೂ ಯೂನಿಕೋಡ್ ಬಂದಿದೆ, ಆದರೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೇ ಫಾಂಟೇ ಓಡುತ್ತಿದೆ.

ನನ್ನ ಕಥೆಗಳ ಫೈಲನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಸಿದೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. ಒತ್ತಕ್ಷರ ಕೆಲವು ಕಡೆ ಹಾರಿಹೋಗಿದ್ದವು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿತ್ತು, ನಮ್ಮ ಕಡೆಯ ಆಡುಮಾತಿನ ಪದಗಳಂತೂ ಅಸ್ತವ್ಯಸ್ತ. ಮಗಳು ಗಟ್ಟಿಯಾಗಿ ಓದುವುದು, ನಾನು ತಿದ್ದುವುದು, ಹನ್ನೊಂದು ರಾತ್ರಿ ಹಿಡಿಯಿತು. ಮುಗಿಸಿ ಅವರಿಗೆ ಕಳಿಸಿದೆ. ಎರಡು ದಿನಕ್ಕೆ ಮತ್ತೆ ಫೋನ್ ಬಂತು. ಗಂಗವ್ವನ ಕಥೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಕಣ್ಣಿಂದ ಓದಿದ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು: "ಬಂಡಿ ಸಪ್ಪಳ ಯಾವಾಗ ನಿಂತಿತು ಅಂತ ನೀವು ಬರದಿಲ್ಲ." ಹೌದು, ಬರೆದಿರಲಿಲ್ಲ. ಬಂಡಿ ನಿಂತದ್ದನ್ನು ಕಣ್ಣಿಗೆ ಕಾಣುವಂತೆ ಬರೆದಿದ್ದೆ, ಕಿವಿಗೆ ಕೇಳುವಂತೆ ಬರೆದಿರಲಿಲ್ಲ. ಈಗ ಬರೆದಿದ್ದೇನೆ.

ಇಲ್ಲಿರುವ ಪ್ರಕಾಶಕರಿಗೆ, ಮುಂದೆ ಆಗುವವರಿಗೆ ಒಂದು ಮಾತು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿದೆ, ಅಂಗವಿಕಲರಿಗೆ ಓದಲು ಅನುಕೂಲವಾಗುವ ರೂಪದಲ್ಲಿ ಪುಸ್ತಕ ಮಾಡಿಕೊಡಲು ಅದರಲ್ಲಿ ಅವಕಾಶ ಇದೆ. ಇದೇ ವಿಷಯದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು. ಕಾನೂನು ನಮ್ಮ ಜೊತೆ ಇದೆ. ಯೂನಿಕೋಡ್ ಫೈಲ್ ಒಂದನ್ನು ಎತ್ತಿಟ್ಟರೆ ಸಾಕು, ಕೇಳಿದವರಿಗೆ ಕೊಡಲು ಬರುತ್ತದೆ.

ಕನ್ನಡಕ್ಕೆ ಕೆಲವು ಬಾಗಿಲು ತಡವಾಗಿ ತೆರೆದವು, ಅದನ್ನೂ ಹೇಳಬೇಕು. 2016ರ ಕೊನೆಗೆ ಅಮೆಜಾನಿನವರು ತಮ್ಮ ಇ-ಪುಸ್ತಕದ ವ್ಯವಸ್ಥೆ ಕಿಂಡಲ್‌ನಲ್ಲಿ ಭಾರತದ ಐದು ಭಾಷೆಗಳ ಪುಸ್ತಕ ತಂದರು: ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳ. ಕನ್ನಡ ಇರಲಿಲ್ಲ. ನಮ್ಮ ಗಡಿಯಾಚೆ ಸೊಲ್ಲಾಪುರದ ಮರಾಠಿ ಲೇಖಕ ಗೆಳೆಯ ತನ್ನ ಪುಸ್ತಕ ಅಲ್ಲಿ ಹಾಕಿ ನನಗೆ ತೋರಿಸಿದಾಗ ಹೊಟ್ಟೆ ಉರಿಯಲಿಲ್ಲ, ಆದರೆ ಸಂಕಟ ಆಯಿತು. ಆಗ ನಮಗೆ ಆಸರೆ ಆದದ್ದು ಭಾರತದ ಭಾಷೆಗಳಿಗಾಗಿಯೇ ಹುಟ್ಟಿದ ತಾಣಗಳು. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಯಾರು ಬೇಕಾದರೂ ಕಥೆ ಬರೆದು ಹಾಕುವ ಪ್ರತಿಲಿಪಿಯಲ್ಲಿ ಕನ್ನಡ ಇದೆ, ಕನ್ನಡದವರೇ ಕಟ್ಟಿದ ಇ-ಪುಸ್ತಕದ ತಾಣ ಮೈಲ್ಯಾಂಗ್ ಬಂತು, ಕೇಳುವ ಪುಸ್ತಕಗಳೂ ಬಂದವು. ಧಾರಾವಾಹಿಯಾಗಿ ವಾರಕ್ಕೊಂದು ಕಂತು ಬರೆಯುವ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ ಅಂದರೆ, ನಮ್ಮ ಪತ್ರಿಕೆಗಳು ಅವರ ಹೆಸರನ್ನೂ ಕೇಳಿಲ್ಲ. ಕೆಲವರ ಬರಹ ನನಗೆ ಹಿಡಿಸುವುದಿಲ್ಲ, ಕೆಲವರದು ಬಹಳ ಹಿಡಿಸುತ್ತದೆ. ಆದರೆ ಅವರು ಓದುಗರ ಜೊತೆ ಇಟ್ಟುಕೊಂಡಿರುವ ನಂಟು ನೋಡಿ ನಾನು ಕಲಿತಿದ್ದೇನೆ. ಒಂದು ಕಂತು ತಡವಾದರೆ ಓದುಗರು "ಅಕ್ಕಾ, ಆರಾಮ ಇದ್ದೀರಾ?" ಅಂತ ಕೇಳುತ್ತಾರೆ.

ಈಗ ಧ್ವನಿಯ ಮಾತಿಗೆ ಬರುತ್ತೇನೆ, ನನಗೆ ಹೆಚ್ಚು ಪ್ರೀತಿ ಇರುವುದು ಇದರ ಮೇಲೆ.

ನಮ್ಮ ಊರಿನ ಗುಂಪಿನಲ್ಲಿ ಅರ್ಧಕ್ಕರ್ಧ ಜನ ಓದಲು ಬಾರದವರು, ಇಲ್ಲಾ ಓದು ಮರೆತವರು. ಅವರಿಗೆ ನನ್ನ ಕಥೆಯನ್ನು ಮಕ್ಕಳು ಓದಿ ಹೇಳುತ್ತಿದ್ದರು. ಒಂದು ದಿನ ನಮ್ಮ ದೊಡ್ಡವ್ವ, "ತಮ್ಮಾ, ನೀನ ಓದಿ ಕಳಸು. ಹುಡುಗರು ಗಡಿಬಿಡಿ ಮಾಡ್ತಾವ" ಅಂದಳು. ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಮೊದಲ ಸಲ ಕೋಣೆಯಲ್ಲಿ ಧ್ವನಿ ಗುಂಯ್‌ಗುಟ್ಟಿತು, ಹೊರಗೆ ಟ್ರ್ಯಾಕ್ಟರ್ ಸದ್ದು. ಆಮೇಲೆ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಎರಡು ಗೋಡೆಗೆ ಕೌದಿ ತೂಗುಬಿಟ್ಟು, ನಡುವೆ ಕೂತು ಓದಿದೆ. ಕೌದಿ ಸದ್ದು ಹೀರಿಕೊಳ್ಳುತ್ತದೆ, ಗುಂಯ್ ಅನ್ನುವುದು ನಿಂತಿತು. ಖರ್ಚು ಏನೂ ಇಲ್ಲ. ಹನ್ನೆರಡು ನಿಮಿಷದ ಕಥೆ.

ಅದು ಎಲ್ಲೆಲ್ಲಿಗೋ ಹೋಯಿತು. ಗುಳೇದಗುಡ್ಡದಲ್ಲಿ ಖಣ ನೇಯುವ ಒಬ್ಬರು ಮಗ್ಗದ ಕುಣಿಯಲ್ಲಿ ಕೂತು ಕೇಳಿದೆ ಅಂತ ಹೇಳಿ ಕಳಿಸಿದರು. ಬನಹಟ್ಟಿಯ ಪಾವರ್‌ಲೂಮಿನವರು ಮಾತ್ರ, "ಮಗ್ಗದ ಸಪ್ಪಳದಾಗ ನಿಮ್ಮ ದನಿ ಕೇಳವಲ್ದು, ಸ್ವಲ್ಪ ಜೋರ ಓದ್ರಿ" ಅಂದರು. ಓದಿನ ವೇಗದ ಬಗ್ಗೆ, ಉಸಿರು ತೆಗೆದುಕೊಳ್ಳುವ ಜಾಗದ ಬಗ್ಗೆ, ಪಾತ್ರದ ಮಾತು ಬಂದಾಗ ದನಿ ಬದಲಿಸಬೇಕೋ ಬೇಡವೋ ಅನ್ನುವುದರ ಬಗ್ಗೆ ಕೇಳುಗರು ಹೇಳಿದ್ದು ನನ್ನ ಬರವಣಿಗೆಯ ವಾಕ್ಯಗಳನ್ನೇ ಬದಲಿಸಿತು. ಒಂದೇ ಉಸಿರಿಗೆ ಓದಲಾಗದ ವಾಕ್ಯವನ್ನು ಈಗ ಬರೆಯುವ ಮೊದಲು ಯೋಚಿಸುತ್ತೇನೆ.

ಧ್ವನಿ ಆ ಕಡೆಯಿಂದಲೂ ಬರುತ್ತದೆ. ಕನ್ನಡ ಟೈಪ್ ಮಾಡಲು ಬಾರದವರು, ಬರೆಯಲು ನಾಚುವವರು ಬಟನ್ ಒತ್ತಿ ಹಿಡಿದು ಮಾತಾಡುತ್ತಾರೆ. ಅಥಣಿಯ ಮಾಸ್ತರರು ಬರೆದ ಪತ್ರದಲ್ಲಿ ವ್ಯಾಕರಣ ಸರಿ ಇತ್ತು. ಈ ಧ್ವನಿಗಳಲ್ಲಿ ಹಿಂದೆ ಕೋಳಿ ಕೂಗುತ್ತದೆ, ಕುಕ್ಕರ್ ಸೀಟಿ ಹೊಡೆಯುತ್ತದೆ, ಸೊಸೆ "ಅತ್ತಿ, ಇನ್ನ ಸಾಕು ಬಿಡ್ರಿ" ಅನ್ನುತ್ತಾಳೆ. ಓದುಗರು ಎಲ್ಲಿ ಕೂತು ಓದುತ್ತಾರೆ ಅಂತ ನನಗೆ ಮೊದಲ ಸಲ ತಿಳಿದದ್ದು ಹೀಗೆ. ಟೈಪ್ ಮಾಡಲು ಬೇಸರ ಇರುವವರಿಗೆ ಇನ್ನೊಂದು ದಾರಿಯೂ ಇದೆ. 2017ರಿಂದ ಗೂಗಲ್‌ನ ಧ್ವನಿ ಟೈಪಿಂಗಿನಲ್ಲಿ ಕನ್ನಡ ಬಂದಿದೆ, ನಾವು ಮಾತಾಡಿದರೆ ಅದು ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. 'ಹೊಂಟಾನ' ಅಂದರೆ ಏನೋ ಬರೆಯುತ್ತದೆ. ಅದಕ್ಕೇ ಹೇಳುತ್ತೇನೆ, ನಮ್ಮ ಆಡುಮಾತನ್ನು ಯೂನಿಕೋಡಿನಲ್ಲಿ ಜಾಸ್ತಿ ಜಾಸ್ತಿ ಬರೆಯಿರಿ. ಬರೆದು ಇಟ್ಟರೆ ತಾನೇ ಯಂತ್ರ ಕಲಿಯುವುದು.

ಇದರಲ್ಲಿ ಕಷ್ಟ ಇಲ್ಲವಾ ಅಂದರೆ ಇದೆ.

ಮೊದಲನೆಯದು ಹೊತ್ತು. ನಾನು ದಿನಾ ಸಂಜೆ ಒಂದು ಗಂಟೆ ಓದುಗರಿಗೆ ಉತ್ತರ ಬರೆಯಲು ಇಟ್ಟಿದ್ದೇನೆ. ಆ ಒಂದು ಗಂಟೆ ಬಿಟ್ಟರೆ ಫೋನ್ ಮುಟ್ಟುವುದಿಲ್ಲ. ಇಲ್ಲದಿದ್ದರೆ ಮುಂದಿನ ಕಥೆ ಹುಟ್ಟುವುದೇ ಇಲ್ಲ. ಬರೆಯುವ ಹೆಣ್ಣುಮಕ್ಕಳಿಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ: ನಿಮ್ಮ ಮನೆಯ ನಂಬರನ್ನು ಓದುಗರಿಗೆ ಕೊಡಬೇಡಿ. ಬೇರೆ ನಂಬರ್ ಇಟ್ಟುಕೊಳ್ಳಿ. ನಡುರಾತ್ರಿ ಸಂದೇಶ ಕಳಿಸುವವನಿಗೆ ಉತ್ತರ ಕೊಡುವ ಋಣ ನಿಮಗಿಲ್ಲ, ಬ್ಲಾಕ್ ಮಾಡಿ. ನನ್ನ ಜೊತೆ ಬರೆಯಲು ಶುರು ಮಾಡಿದ ಒಬ್ಬ ಹುಡುಗಿ ಇಂಥದ್ದರಿಂದಲೇ ಬರೆಯುವುದನ್ನು ಬಿಟ್ಟಳು. ಒಳ್ಳೆಯ ಕಥೆಗಾರ್ತಿ. ನನಗೆ ಇವತ್ತಿಗೂ ಆ ನೋವು ಇದೆ.

ಎರಡನೆಯದು ಎಣಿಕೆ. ಎಷ್ಟು ಜನ ತೆರೆದರು, ಎಷ್ಟು ಮೆಚ್ಚುಗೆ, ಎಷ್ಟು ನಕ್ಷತ್ರ, ಎಲ್ಲ ಕಣ್ಣ ಮುಂದೆ ಇರುತ್ತದೆ. ನನ್ನ ಒಂದು ಕಥೆಗೆ ಎಣಿಕೆ ಬಹಳ ಏರಿತ್ತು, ಅದು ನನ್ನ ದುರ್ಬಲ ಕಥೆ ಅಂತ ನನಗೆ ಗೊತ್ತು. ಹುಣಸೆ ಮರದ ಕಥೆಯನ್ನು ಓದಿದವರು ಕಡಿಮೆ. ಆದರೆ ಅದಕ್ಕೆ ಬಂದ ಮಾತುಗಳನ್ನು ಬರೆದಿಟ್ಟರೆ ಕಥೆಗಿಂತ ಉದ್ದ ಆಗುತ್ತದೆ. ನಾನು ಎಣಿಕೆ ನೋಡುವುದನ್ನು ಬಿಟ್ಟಿದ್ದೇನೆ.

ಮೂರನೆಯದು ಕದ್ದ ಪಿಡಿಎಫ್. ನನ್ನ ಪುಸ್ತಕವನ್ನು ಯಾರೋ ಪುಟ ಪುಟ ಫೋಟೋ ತೆಗೆದು ಹಂಚಿದ್ದರು. ಸಿಟ್ಟು ಬಂತು. ಹುಡುಕಿ ಹುಡುಕಿ, ಹಂಚಿದ ಹುಡುಗನಿಗೆ ಫೋನ್ ಮಾಡಿದೆ. ಅವನು ಜಮಖಂಡಿ ಕಡೆಯವನು, ಪರೀಕ್ಷೆಗೆ ಓದುತ್ತಿದ್ದ. "ಸರ್, ತಪ್ಪಾತು. ಆದ್ರ ಆರು ಅಂಗಡ್ಯಾಗ ಕೇಳಿದೆ, ನಿಮ್ಮ ಪುಸ್ತಕ ಎಲ್ಲೂ ಸಿಗಲಿಲ್ಲ" ಅಂದ. ಅವನು ಮಾಡಿದ್ದು ತಪ್ಪೇ, ಲೇಖಕರ ದುಡಿಮೆಗೆ ಬೆಲೆ ಇರಬೇಕು. ಆದರೆ ಆರು ಅಂಗಡಿ ತಿರುಗಿದ ಓದುಗನನ್ನು ಬರಿಗೈಲಿ ಕಳಿಸಿದ್ದು ಯಾರ ತಪ್ಪು?

ಅವನ ಮಾತಿನಿಂದಲೇ ಎರಡನೇ ಮುದ್ರಣ ಹುಟ್ಟಿತು. ಪ್ರಕಾಶಕರ ಹತ್ತಿರ ಹಕ್ಕು ಬಿಡಿಸಿಕೊಂಡೆ. ಗುಂಪಿನಲ್ಲಿ, ಪರಿಚಯದವರಲ್ಲಿ ಹೇಳಿದೆ: ಪುಸ್ತಕ ಬೇಕಾದವರು ಮುಂಗಡ ಹಣ ಹಾಕಿ, ಯುಪಿಐ ನಂಬರ್ ಇದು, ವಿಳಾಸ ಕಳಿಸಿ. ವಾಟ್ಸಾಪಿನಲ್ಲಿ ಒಂದು ಸಂದೇಶವನ್ನು ಪಟ್ಟಿ ಮಾಡಿ 256 ಜನಕ್ಕೆ ಒಟ್ಟಿಗೆ ಕಳಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಇದು ಗೊತ್ತಿಲ್ಲದೆ ಮೊದಲ ವಾರ ಉತ್ತರವೇ ಬರಲಿಲ್ಲ ಅಂತ ಕೊರಗಿದ್ದೆ. ಆಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿ ನಂಬರ್ ಉಳಿಸಿಕೊಳ್ಳಿ ಅಂದೆ. ತಿಂಗಳಲ್ಲಿ 180 ಜನ ದುಡ್ಡು ಹಾಕಿದರು. ಅಚ್ಚಿನ ಖರ್ಚು ಅಲ್ಲಿಗೆ ಬಂತು. ಗಂಗವ್ವನ ಕಥೆಯನ್ನೂ ಸೇರಿಸಿ 300 ಪ್ರತಿ ಹಾಕಿಸಿದೆ. ಧಾರವಾಡದ ಆ ಹಳೇ ಚಂದಾದಾರರ ಪದ್ಧತಿಯೇ ಇದು, ದುಡ್ಡು ಬರುವ ದಾರಿ ಮಾತ್ರ ಬೇರೆ. ಈ ಸಲ ಯಾವ ಪ್ರತಿ ಯಾರ ಮನೆಗೆ ಹೋಯಿತು ಅಂತ ನನಗೆ ಗೊತ್ತು. ನಮ್ಮ ಓಣಿಯ 22 ಮನೆಯಲ್ಲಿ 19 ಮನೆಗೆ ಮುಟ್ಟಿದೆ. ಉಳಿದ ಮೂರು ಮನೆಯವರು ಎಲ್ಲಿದ್ದಾರೆ ಅಂತ ಇನ್ನೂ ಹುಡುಕುತ್ತಿದ್ದೇವೆ. ಜಮಖಂಡಿಯ ಹುಡುಗನಿಗೆ ಒಂದು ಪ್ರತಿ ನಾನೇ ಕಳಿಸಿದೆ.

ಪುಸ್ತಕದ ಕೊನೆಯಲ್ಲಿ ಎರಡು ಪುಟ ಇದೆ. ಯಾರು ಯಾರು ಏನು ತಿದ್ದಿಸಿದರು ಅಂತ, ಅವರ ಒಪ್ಪಿಗೆ ಕೇಳಿ, ಹೆಸರು ಹಾಕಿದ್ದೇನೆ. ಒಟ್ಟು 41 ತಿದ್ದುಪಡಿ. ಮೊದಲನೆಯದು ಹುಣಸೆ ಮರ.

ನನ್ನ ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಪ್ರಾಧ್ಯಾಪಕರು ಎದ್ದು, ಓದುಗರು ಹೇಳಿದ್ದನ್ನೆಲ್ಲ ಕೇಳುತ್ತಾ ಹೋದರೆ ಕಥೆ ನಿಮ್ಮದಾಗಿ ಉಳಿಯುತ್ತದೆಯೇ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಬಂದ ಮಾತುಗಳಲ್ಲಿ ಬಹಳಷ್ಟನ್ನು ನಾನು ಬಿಟ್ಟಿದ್ದೇನೆ. ಗಂಗವ್ವ ಕೊನೆಗೆ ಊರಲ್ಲೇ ಉಳಿಯಬೇಕು ಅಂತ ಹತ್ತಾರು ಜನ ಕೇಳಿಕೊಂಡರು. ಅಳುತ್ತಾ ಕೇಳಿದವರೂ ಇದ್ದರು. ನಾನು ಒಪ್ಪಲಿಲ್ಲ. ಊರು ಮುಳುಗಿದೆ, ಅವಳು ಉಳಿಯಲು ಆಗುವುದಿಲ್ಲ. ಮರ ಯಾವುದು ಅಂತ ಅವರು ಹೇಳಬಹುದು, ಗಂಗವ್ವ ಏನು ಮಾಡುತ್ತಾಳೆ ಅನ್ನುವುದನ್ನು ನಾನೇ ಕಂಡುಕೊಳ್ಳಬೇಕು. ಅವರಿಗೆ ಒಬ್ಬೊಬ್ಬರಿಗೂ ಯಾಕೆ ಆಗುವುದಿಲ್ಲ ಅಂತ ಉತ್ತರ ಬರೆದೆ. ಕೆಲವರು ಇನ್ನೂ ಮುನಿಸಿಕೊಂಡಿದ್ದಾರೆ, ಆದರೆ ಮುಂದಿನ ಕಥೆಯನ್ನು ಓದಿದ್ದಾರೆ.

ಕೊನೆಗೆ ಇಂಡಿ ತಾಲ್ಲೂಕಿನ ಒಬ್ಬ ಹುಡುಗಿ ಎದ್ದು ನಿಂತಳು. ಬಿ.ಎ. ಎರಡನೇ ವರ್ಷ. "ಸರ್, ನಮ್ಮವ್ವಗ ಓದಾಕ ಬರಿಯಾಕ ಬರಂಗಿಲ್ಲ. ಆದ್ರ ಬೀಸು ಕಲ್ಲಿನ ಪದ ಭಾಳ ಹಾಡ್ತಾಳ, ತಾನ ಕಟ್ಟಿ ಹಾಡ್ತಾಳ. ಆಕಿನೂ ಲೇಖಕಿ ಆಗ್ತಾಳೇನ್ರಿ?" ಅಂದಳು. ಆಗುತ್ತಾಳೆ ಅಂದೆ. ಮೊದಲು ಅವ್ವನನ್ನು ಕೇಳು, ನಾಲ್ಕು ಜನರಿಗೆ ಕೇಳಿಸಬಹುದಾ ಅಂತ. ಒಪ್ಪಿದರೆ ರೆಕಾರ್ಡ್ ಮಾಡು. ಶುರುವಿನಲ್ಲಿ ಅವ್ವನ ಹೆಸರು, ಊರು, ದಿನಾಂಕ ಅವ್ವನ ಬಾಯಿಂದಲೇ ಹೇಳಿಸು. ಆಮೇಲೆ ಪದದ ಸಾಲುಗಳನ್ನು ಅವಳು ಹಾಡಿದ ಹಾಗೇ, ಒಂದಕ್ಷರ ತಿದ್ದದೆ, ಯೂನಿಕೋಡಿನಲ್ಲಿ ಟೈಪ್ ಮಾಡು. ಎರಡನ್ನೂ ಜೊತೆಗೆ ಇಡು. ನನಗೆ ಕಳಿಸು.

ಸಂಜೆ ಬಸ್ಸು ಕೊಲ್ಹಾರದ ಸೇತುವೆ ಹತ್ತಿದಾಗ ಫೋನ್ ಸದ್ದು ಮಾಡಿತು. ಹುಡುಗಿ ಮನೆ ಮುಟ್ಟಿದವಳೇ ಕೆಲಸ ಮಾಡಿದ್ದಳು. ಎರಡು ನಿಮಿಷ ಹತ್ತು ಸೆಕೆಂಡಿನ ಧ್ವನಿ. ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲು ಒಂದು ಹೆಸರು, ಒಂದು ಊರಿನ ಹೆಸರು, ಆಮೇಲೆ ಸ್ವಲ್ಪ ನಾಚಿಕೆಯ ನಗು, ಆಮೇಲೆ ಕಲ್ಲು ತಿರುಗುವ ಸಪ್ಪಳ, ಅದರ ಮೇಲೆ ಹಾಡು. ಸೇತುವೆ ಮುಗಿಯುವುದರೊಳಗೆ ಎರಡು ಸಲ ಕೇಳಿದೆ. ಮೂರನೇ ಸಾಲಿನಲ್ಲಿ ಒಂದು ಪದ ನನಗೆ ತಿಳಿಯಲಿಲ್ಲ. ಅದರ ಅರ್ಥ ಏನು ಅಂತ ಅವ್ವನನ್ನು ಕೇಳಿ ಹೇಳು ಅಂತ ತಿರುಗಿ ಒಂದು ಧ್ವನಿ ಕಳಿಸಿದೆ.